ಮನೋರೋಗದ ಔಷಧಗಳು ಮತ್ತು ಅಂಗಚಲನೆಯ ದೋಷಗಳು: ಅಪಾಯ ಯಾರಿಗೆ ಹೆಚ್ಚು?

ತೀವ್ರ ಸ್ವರೂಪದ ಮಾನಸಿಕ ರೋಗಗಳ ಚಿಕಿತ್ಸೆಯಲ್ಲಿ ಚಿತ್ತವಿಕಾರ ನಿವಾರಕ ಔಷಧಗಳಿಗೆ ಪ್ರಮುಖ ಸ್ಥಾನವಿದೆ. ಇಲ್ಲದ ಧ್ವನಿಗಳು ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಬಲವಾದ ಸಂಶಯ, ಅಸಂಬದ್ಧ ಮಾತು, ತಡೆಯಲಾಗದ ಉದ್ರೇಕ ಮುಂತಾದ ಲಕ್ಷಣಗಳನ್ನು ಇವು ಹತೋಟಿಗೆ ತರುತ್ತವೆ. ಇವುಗಳ ನೆರವಿನಿಂದ ಲಕ್ಷಾಂತರ ಜನರು ಆಸ್ಪತ್ರೆಯ ಗೋಡೆಗಳಿಂದ ಹೊರಬಂದು ಮನೆಯವರೊಡನೆ ಬಾಳುವುದು ಸಾಧ್ಯವಾಗಿದೆ.

ಆದರೆ ಈ ಔಷಧಗಳನ್ನು ಸೇವಿಸುವವರ ಪೈಕಿ ಕೆಲವರಲ್ಲಿ ತುಟಿ, ನಾಲಗೆ, ದವಡೆ, ಕೈಬೆರಳುಗಳು ಅವರ ಇಚ್ಛೆಯಿಲ್ಲದೆಯೇ ಚಲಿಸತೊಡಗುತ್ತವೆ. ಮನೆಯವರು ಇದನ್ನು ಕೆಟ್ಟ ಚಾಳಿಯೆಂದೋ, ಗಾಳಿಸೋಂಕೆಂದೋ ಭಾವಿಸಿ ಸುಮ್ಮನಾಗುವುದುಂಟು. ಔಷಧದಿಂದಲೇ ಹೀಗಾಯಿತೆಂದು ತಿಳಿದೊಡನೆ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಿಬಿಡುವವರೂ ಉಂಟು. ಈ ಎರಡೂ ದಾರಿಗಳು ರೋಗಿಗೆ ಹಾನಿಕರ. ಅಪಾಯವು ಎಲ್ಲರಿಗೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಯಾರಿಗೆ ಹೆಚ್ಚು, ಏಕೆ ಹೆಚ್ಚು ಎಂಬುದನ್ನು ಬಹುಮಟ್ಟಿಗೆ ಮುಂಚಿತವಾಗಿಯೇ ಅರಿಯಬಹುದು. ಅರಿತವರು ಕಾಲಕಾಲಕ್ಕೆ ಗಮನಿಸಬಹುದು, ಗಮನಿಸಿದ್ದನ್ನು ವೈದ್ಯರಿಗೆ ತಿಳಿಸಬಹುದು. ಈ ವಿಷಯವನ್ನು ಸಾರ್ವಜನಿಕರಿಗೆ, ಅದರಲ್ಲಿಯೂ ಟಿಟ್ವಾಳಾ, ಕಲ್ಯಾಣ, ಡೊಂಬಿವಲಿ ಮುಂತಾದೆಡೆ ನೆಲೆಸಿ ಅನ್ಯಭಾಷೆಯ ಪರಿಸರದಲ್ಲಿ ಚಿಕಿತ್ಸೆ ಪಡೆಯುವ ಕನ್ನಡಿಗ ಕುಟುಂಬಗಳಿಗೆ ತಿಳಿಯಪಡಿಸುವುದು ಈ ಲೇಖನದ ಉದ್ದೇಶ.

ಔಷಧಗಳ ಪೂರ್ವವೃತ್ತಾಂತ

ಸರ್ಪಗಂಧವೆಂಬ ಗಿಡದ ಬೇರನ್ನು ನಮ್ಮ ದೇಶದಲ್ಲಿ ಉನ್ಮಾದದ ಶಮನಕ್ಕಾಗಿ ಬಹುಕಾಲದಿಂದ ಬಳಸಲಾಗುತ್ತಿತ್ತು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ರಕ್ತದೊತ್ತಡ ಹಾಗೂ ಉನ್ಮಾದದಲ್ಲಿ ಇದರ ಪ್ರಯೋಜನವನ್ನು ವರದಿ ಮಾಡಿದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು ರಕ್ತದೊತ್ತಡದ ಮೇಲೆ ಇದರ ಪರಿಣಾಮವನ್ನು ಕುರಿತು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಲೇಖನವು ಜಗತ್ತಿನ ಗಮನವನ್ನು ಸೆಳೆಯಿತು. 1952ರಲ್ಲಿ ಈ ಬೇರಿನಿಂದ ರಿಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು.

ಅದೇ ವರ್ಷ ಪ್ಯಾರಿಸ್ ನಗರದ ಸೇಂತ್ ಆನ್ ಆಸ್ಪತ್ರೆಯಲ್ಲಿ ಝಾನ್ ದಲೇ ಮತ್ತು ಪಿಯರ್ ದನಿಕೇರ್ ಅವರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ನೀಡಿ ಸತ್ಫಲವನ್ನು ಕಂಡರು. ಮುಂದೆ ಹ್ಯಾಲೋಪೆರಿಡಾಲ್, ಟ್ರೈಫ್ಲೂಪೆರಜೀನ್, ಫ್ಲೂಫೆನಜೀನ್ ಮೊದಲಾದುವು ಬಂದವು. ಇವುಗಳನ್ನು ಮೊದಲ ಪೀಳಿಗೆಯ ಔಷಧಗಳೆನ್ನುತ್ತಾರೆ. ಕ್ಲೋಜಪೀನ್, ರಿಸ್ಪೆರಿಡೋನ್, ಓಲಾಂಜಪೀನ್, ಕ್ವೆಟಿಯಪೀನ್ ಮುಂತಾದುವು ಎರಡನೆಯ ಪೀಳಿಗೆಯವು.

ಹೊಸ ಔಷಧಗಳು ಬಳಕೆಗೆ ಬಂದ ಐದು ವರ್ಷಗಳೊಳಗೇ, 1957ರಲ್ಲಿ, ಜರ್ಮನಿಯ ವೈದ್ಯರೊಬ್ಬರು ಕೆಲವು ರೋಗಿಗಳ ಬಾಯಿ ಮತ್ತು ತುಟಿಗಳಲ್ಲಿ ನಿಲ್ಲದ ಚಲನೆಯನ್ನು ಗುರುತಿಸಿದರು. 1964ರಲ್ಲಿ ಡೆನ್ಮಾರ್ಕಿನ ವೈದ್ಯರು ಇದಕ್ಕೆ ಟಾರ್ಡಿವ್ ಡಿಸ್ಕೈನೀಸಿಯಾ ಎಂದು ಹೆಸರಿಟ್ಟರು. ತಡವಾಗಿ ತೋರುವ ಚಲನದೋಷ ಎಂಬುದು ಇದರ ಅರ್ಥ. ಇದನ್ನು ಇಲ್ಲಿ ವಿಳಂಬಿತ ಚಲನದೋಷ ಎಂದು ಕರೆಯಲಾಗಿದೆ.

ದೋಷ ಉಂಟಾಗುವ ಬಗೆ

ಮಿದುಳಿನ ನರಕೋಶಗಳು ಕೆಲವು ರಾಸಾಯನಿಕ ವಸ್ತುಗಳ ಮೂಲಕ ಒಂದಕ್ಕೊಂದು ಸಂದೇಶ ಕಳುಹಿಸುತ್ತವೆ. ಅವುಗಳಲ್ಲಿ ಡೋಪಮೈನ್ ಒಂದು. ಇದು ಒಂದೆಡೆ ಭ್ರಮೆ, ಭ್ರಾಂತಿಗಳೊಡನೆ ಸಂಬಂಧ ಹೊಂದಿದ್ದರೆ, ಇನ್ನೊಂದೆಡೆ ಅಂಗಾಂಗಗಳ ಚಲನೆಯನ್ನು ಹದವರಿತು ನಡೆಸುತ್ತದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅವರು ರಿಸರ್ಪೀನ್ ಪಡೆದು ನಿಶ್ಚಲವಾಗಿದ್ದ ಮೊಲಗಳಿಗೆ ಡೋಪಮೈನ್ ಆಗಿ ಮಾರ್ಪಡುವ ವಸ್ತುವನ್ನು ಕೊಟ್ಟಾಗ ಅವು ಮತ್ತೆ ಚಲಿಸಿದುದನ್ನು 1957ರಲ್ಲಿ ತೋರಿಸಿಕೊಟ್ಟರು. ಡೋಪಮೈನ್ ಕುರಿತ ಸಂಶೋಧನೆಗಾಗಿ 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಚಿತ್ತವಿಕಾರ ನಿವಾರಕ ಔಷಧಗಳು ಡೋಪಮೈನನ್ನು ಸ್ವೀಕರಿಸುವ ಗ್ರಾಹಿಗಳನ್ನು ತಡೆಹಿಡಿಯುತ್ತವೆ. ಇದರಿಂದ ಭ್ರಮೆಗಳು ತಗ್ಗುತ್ತವೆ. ಆದರೆ ಚಲನೆಯನ್ನು ನಡೆಸುವ ಭಾಗದಲ್ಲಿಯೂ ಅದೇ ತಡೆ ಉಂಟಾಗುವುದರಿಂದ ದೇಹ ಬಿಗಿಯುತ್ತದೆ ಅಥವಾ ನಿಧಾನವಾಗುತ್ತದೆ. ತಡೆ ದೀರ್ಘಕಾಲ ಮುಂದುವರಿದಾಗ ಗ್ರಾಹಿಗಳು ಅತಿಸಂವೇದಿಯಾಗಿ, ಅಲ್ಪ ಡೋಪಮೈನಿಗೂ ಅತಿಯಾಗಿ ಪ್ರತಿಕ್ರಿಯಿಸುತ್ತವೆಂದು ತಜ್ಞರ ಅಭಿಪ್ರಾಯ. ವಿಳಂಬಿತ ಚಲನದೋಷಕ್ಕೆ ಇದು ಮುಖ್ಯ ಕಾರಣಗಳಲ್ಲೊಂದೆಂದು ಭಾವಿಸಲಾಗಿದೆ.

ನಾಲ್ಕು ಬಗೆಯ ತೊಂದರೆಗಳು

ಔಷಧಜನ್ಯ ಚಲನದೋಷಗಳನ್ನು ಅವು ಕಾಣಿಸಿಕೊಳ್ಳುವ ಕಾಲವನ್ನು ಅನುಸರಿಸಿ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು, ಔಷಧ ಆರಂಭಿಸಿದ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಉಂಟಾಗುವ ಸ್ನಾಯುಸೆಳೆತ. ಕತ್ತು ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಳ್ಳುತ್ತವೆ. ನೋಡಲು ಭೀತಿ ಹುಟ್ಟಿಸಿದರೂ ಸೂಕ್ತ ಚುಚ್ಚುಮದ್ದಿನಿಂದ ಶೀಘ್ರವಾಗಿ ಶಮನವಾಗುತ್ತದೆ. ಯುವಕರಲ್ಲಿ, ಅದರಲ್ಲಿಯೂ ಹ್ಯಾಲೋಪೆರಿಡಾಲ್‌ನಂತಹ ಪ್ರಬಲ ಔಷಧವನ್ನು ಚುಚ್ಚುಮದ್ದಿನ ರೂಪದಲ್ಲಿ ಪಡೆದವರಲ್ಲಿ, ಇದು ಹೆಚ್ಚು.

ಎರಡನೆಯದು, ಕೆಲವು ದಿನಗಳಿಂದ ವಾರಗಳೊಳಗೆ ತೋರುವ ಚಡಪಡಿಕೆ. ರೋಗಿಗೆ ಕುಳಿತಲ್ಲಿ ಕುಳಿತಿರಲಾಗದು. ನಿಂತರೆ ಕಾಲು ಬದಲಿಸುತ್ತಲೇ ಇರುತ್ತಾನೆ. ಮೂರನೆಯದು, ವಾರಗಳಿಂದ ತಿಂಗಳುಗಳೊಳಗೆ ಬರುವ ಪಾರ್ಕಿನ್‌ಸನ್ ರೋಗಸದೃಶ ಸ್ಥಿತಿ: ಕೈನಡುಕ, ಮೈಬಿಗಿತ, ಭಾವವಿಲ್ಲದ ಮುಖ, ಕಿರುಹೆಜ್ಜೆಯ ನಡಿಗೆ. ವೃದ್ಧರಲ್ಲಿ ಇದು ಹೆಚ್ಚು.

ನಾಲ್ಕನೆಯದೇ ವಿಳಂಬಿತ ಚಲನದೋಷ. ಸಾಮಾನ್ಯವಾಗಿ ಮೂರು ತಿಂಗಳಿಗೂ ಹೆಚ್ಚು ಕಾಲದ, ಹಲವು ವೇಳೆ ವರ್ಷಗಳ ಸೇವನೆಯ ಬಳಿಕ ಇದು ತಲೆದೋರುತ್ತದೆ. ಅರುವತ್ತು ದಾಟಿದವರಲ್ಲಿ ಒಂದೇ ತಿಂಗಳಲ್ಲಿ ಕಂಡುಬರುವುದೂ ಉಂಟು. ಬಾಯಿ ಸದಾ ಏನನ್ನೋ ಅಗಿಯುತ್ತಿರುವಂತೆ ಆಡುತ್ತದೆ. ನಾಲಗೆ ಹೊರಚಾಚಿ ಒಳಸರಿಯುತ್ತದೆ. ಬೆರಳುಗಳು ವೀಣೆ ಮೀಟುವಂತೆ ಅಲುಗುತ್ತವೆ. ನಿದ್ರೆಯಲ್ಲಿ ಈ ಚಲನೆಗಳು ನಿಲ್ಲುತ್ತವೆ. ಮೊದಲ ಮೂರು ಬಗೆಗಳು ಔಷಧವನ್ನು ಸರಿಹೊಂದಿಸಿದಾಗ ಸಾಮಾನ್ಯವಾಗಿ ಮರೆಯಾಗುತ್ತವೆ. ನಾಲ್ಕನೆಯದು ಹಲವರಲ್ಲಿ ಉಳಿದುಬಿಡಬಹುದು. ಆದುದರಿಂದಲೇ ಇದನ್ನು ಕುರಿತು ವಿಶೇಷ ಎಚ್ಚರ ಅಗತ್ಯ.

ಅಪಾಯವನ್ನು ಹೆಚ್ಚಿಸುವ ಅಂಶಗಳು

ವಯಸ್ಸು: ಎಲ್ಲ ಅಂಶಗಳಿಗಿಂತ ಪ್ರಬಲವಾದುದು ವಯಸ್ಸು. ಮೊದಲ ಪೀಳಿಗೆಯ ಔಷಧಗಳನ್ನು ಸೇವಿಸುವ ಯುವ ವಯಸ್ಕರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಐದು ಮಂದಿಯಲ್ಲಿ ಈ ದೋಷ ಹೊಸದಾಗಿ ತೋರಿದರೆ, ವಯಸ್ಸಾದವರಲ್ಲಿ ಮೊದಲ ವರ್ಷದಲ್ಲಿಯೇ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇದು ತಗಲುವುದೆಂದು ಅಧ್ಯಯನಗಳು ತಿಳಿಸುತ್ತವೆ. ಅರುಳುಮರುಳಿನಿಂದ ರಾತ್ರಿಯೆಲ್ಲ ಕೂಗಾಡುವ ವೃದ್ಧರನ್ನು ಸುಮ್ಮನಾಗಿಸಲು ಈ ಔಷಧಗಳನ್ನು ಕೊಡುವಾಗ ಈ ಅಂಶವನ್ನು ಮರೆಯುವಂತಿಲ್ಲ.

ಲಿಂಗ: ಸ್ತ್ರೀಯರಲ್ಲಿ, ಮುಖ್ಯವಾಗಿ ಮುಟ್ಟು ನಿಂತ ಬಳಿಕ, ಅಪಾಯ ಹೆಚ್ಚು.

ಔಷಧದ ಬಗೆ, ಪ್ರಮಾಣ ಮತ್ತು ಅವಧಿ: ಪ್ರಮಾಣ ಹೆಚ್ಚಿದಷ್ಟೂ, ಅವಧಿ ದೀರ್ಘವಾದಷ್ಟೂ ಅಪಾಯ ಏರುತ್ತದೆ. 2017ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದರಂತೆ, ಮೊದಲ ಪೀಳಿಗೆಯ ಔಷಧ ಪಡೆಯುತ್ತಿದ್ದವರಲ್ಲಿ ಶೇಕಡ 30ರಷ್ಟು ಹಾಗೂ ಎರಡನೆಯ ಪೀಳಿಗೆಯದನ್ನು ಪಡೆಯುತ್ತಿದ್ದವರಲ್ಲಿ ಶೇಕಡ 20.7ರಷ್ಟು ಮಂದಿಯಲ್ಲಿ ಈ ದೋಷವಿತ್ತು. ಹಳೆಯ ಔಷಧಗಳನ್ನು ಎಂದೂ ಸೇವಿಸದೆ ಹೊಸವನ್ನು ಮಾತ್ರ ಪಡೆದವರಲ್ಲಿ ಅದು ಶೇಕಡ 7.2ರಷ್ಟಿತ್ತು. ಹೊಸ ಔಷಧಗಳಿಂದ ಅಪಾಯ ತಗ್ಗುತ್ತದೆ, ಆದರೆ ಇಲ್ಲವಾಗುವುದಿಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

ಆರಂಭದ ಸೂಚನೆಗಳು: ಚಿಕಿತ್ಸೆಯ ಮೊದಲ ವಾರಗಳಲ್ಲಿ ಸೆಳೆತ, ನಡುಕ ಅಥವಾ ಚಡಪಡಿಕೆಗೆ ಗುರಿಯಾದವರಲ್ಲಿ ಮುಂದೆ ವಿಳಂಬಿತ ದೋಷ ಬರುವ ಸಂಭವ ಅಧಿಕ. ಆದುದರಿಂದ ಮೊದಲ ವಾರಗಳ ತೊಂದರೆಯನ್ನು ಮನೆಯವರು ದಿನಾಂಕ ಸಹಿತ ಬರೆದಿಟ್ಟುಕೊಳ್ಳುವುದು ಲೇಸು.

ಇತರ ರೋಗಗಳು: ಮಧುಮೇಹ, ಮಿದುಳಿಗೆ ಆದ ಪೆಟ್ಟು, ಬುದ್ಧಿಮಾಂದ್ಯ, ಮದ್ಯಪಾನ ಮತ್ತು ಮಾದಕ ವಸ್ತುಗಳ ಸೇವನೆ ಅಪಾಯವನ್ನು ಹೆಚ್ಚಿಸುತ್ತವೆ. ಸ್ಕಿಜೋಫ್ರೀನಿಯ ರೋಗಿಗಳಿಗಿಂತ ಖಿನ್ನತೆ ಅಥವಾ ಉನ್ಮಾದ-ಖಿನ್ನತೆಗಾಗಿ ಈ ಔಷಧಗಳನ್ನು ಪಡೆಯುವವರು ಸುರಕ್ಷಿತರೆಂಬ ಭಾವನೆ ಸರಿಯಲ್ಲ. ಅವರಲ್ಲಿ ಅಪಾಯ ಹೆಚ್ಚೆಂದೇ ಹಲವು ಅಧ್ಯಯನಗಳ ಅಭಿಮತ.

ಜೊತೆಗೆ ಕೊಡುವ ಮಾತ್ರೆ: ನಡುಕ ಮತ್ತು ಸೆಳೆತಗಳ ನಿವಾರಣೆಗಾಗಿ ಟ್ರೈಹೆಕ್ಸಿಫೆನಿಡಿಲ್ ಎಂಬ ಔಷಧವನ್ನು ಕೊಡುವುದು ವಾಡಿಕೆ. ನಮ್ಮ ದೇಶದಲ್ಲಿ ಎರಡನ್ನೂ ಒಂದೇ ಮಾತ್ರೆಯಲ್ಲಿ ಕೂಡಿಸಿ ಮಾರುವುದೂ ಉಂಟು. ಅಗತ್ಯವಿದ್ದಾಗ ಇದು ಉಪಕಾರಿ. ಆದರೆ ವಿಳಂಬಿತ ದೋಷವನ್ನು ಇದು ಗುಣಪಡಿಸದು, ಉಲ್ಬಣಗೊಳಿಸಲೂಬಹುದು. ಎಲ್ಲ ರೋಗಿಗಳಿಗೂ ಮುನ್ನೆಚ್ಚರಿಕೆಯಾಗಿ ಇದನ್ನು ದೀರ್ಘಕಾಲ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಸಲಹೆ ನೀಡಿದೆ.

ಆಗಾಗ್ಗೆ ಬಿಟ್ಟು ಹಿಡಿಯುವುದು: ಇದು ಜನಸಾಮಾನ್ಯರಿಗೆ ಅಚ್ಚರಿಯೆನಿಸುವ ಅಂಶ. ಔಷಧವನ್ನು ನಡುನಡುವೆ ನಿಲ್ಲಿಸಿದರೆ ಶರೀರಕ್ಕೆ ವಿಶ್ರಾಂತಿ ಸಿಗುವುದೆಂದೂ, ಅಪಾಯ ತಗ್ಗುವುದೆಂದೂ ಒಂದು ಕಾಲಕ್ಕೆ ವೈದ್ಯರೇ ಭಾವಿಸಿದ್ದರು. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಂತೆ, ಚಿಕಿತ್ಸೆಯು ಎರಡಕ್ಕಿಂತ ಹೆಚ್ಚು ಬಾರಿ ಕಡಿದುಹೋದವರಲ್ಲಿ ಅಪಾಯವು ಸುಮಾರು ಮೂರು ಪಟ್ಟು ಅಧಿಕವಾಗಿತ್ತು.

ಔಷಧವೊಂದೇ ಕಾರಣವೇ?

ಈ ಪ್ರಶ್ನೆಗೆ ಉತ್ತರ ದೊರೆತುದು ನಮ್ಮ ನೆರೆಯ ಮದರಾಸಿನಲ್ಲಿ. ಮಂಗಳೂರಿನಲ್ಲಿ ಜನಿಸಿದ, ಭಾರತದ ಪ್ರಥಮ ಮಹಿಳಾ ಮನೋವೈದ್ಯೆಯೆಂದು ಖ್ಯಾತರಾದ ಡಾ. ಶಾರದಾ ಮೆನನ್ ಅವರು ಅಲ್ಲಿ 1984ರಲ್ಲಿ ಸ್ಕಿಜೋಫ್ರೀನಿಯ ಸಂಶೋಧನ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಈ ಪ್ರತಿಷ್ಠಾನದ ತಜ್ಞರು ಸ್ಕಾಟ್ಲೆಂಡಿನ ತಜ್ಞರೊಡನೆ ಕೂಡಿ 308 ಮಂದಿ ವೃದ್ಧರನ್ನು ಪರೀಕ್ಷಿಸಿ, 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಗವಿಲ್ಲದವರಲ್ಲಿ ಶೇಕಡ 15, ಸ್ಕಿಜೋಫ್ರೀನಿಯವಿದ್ದರೂ ಎಂದೂ ಔಷಧ ಪಡೆಯದವರಲ್ಲಿ ಶೇಕಡ 38, ಔಷಧ ಪಡೆದ ರೋಗಿಗಳಲ್ಲಿ ಶೇಕಡ 41 ಮಂದಿಯಲ್ಲಿ ಅನೈಚ್ಛಿಕ ಚಲನೆಗಳು ಕಂಡುಬಂದವು. ಔಷಧ ಪಡೆಯದ ರೋಗಿಗಳ ಸಂಖ್ಯೆ ಕೇವಲ 21 ಇದ್ದುದರಿಂದ ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಆದರೂ ಮುಪ್ಪು ಮತ್ತು ಮೂಲರೋಗ ಇವೆರಡೂ ಚಲನದೋಷಕ್ಕೆ ತಮ್ಮ ಪಾಲನ್ನು ಸಲ್ಲಿಸುತ್ತವೆಂಬುದು ಇದರಿಂದ ಸ್ಪಷ್ಟವಾಯಿತು. ಇದರರ್ಥ ಔಷಧ ನಿರ್ದೋಷಿಯೆಂದಲ್ಲ. ಆದರೆ ಕಂಡ ಚಲನೆಯೆಲ್ಲದರ ಹೊಣೆಯನ್ನೂ ಔಷಧದ ಮೇಲೆ ಹೊರಿಸಿ ಅದನ್ನು ಎಸೆಯುವುದು ಯುಕ್ತವಲ್ಲ.

ಮನೋರೋಗವಿಲ್ಲದವರೂ ಎಚ್ಚರವಹಿಸಬೇಕು

ಡೋಪಮೈನನ್ನು ತಡೆಯುವ ಗುಣ ಬೇರೆ ಕೆಲವು ಔಷಧಗಳಿಗೂ ಇದೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜೀನ್, ಹುಳಿತೇಗು ಹಾಗೂ ಹೊಟ್ಟೆಯುಬ್ಬರಕ್ಕಾಗಿ ಆಮ್ಲನಿರೋಧಕದೊಡನೆ ಕೂಡಿಸಿ ಕೊಡುವ ಲೀವೊಸಲ್ಪಿರೈಡ್ ಇವುಗಳಲ್ಲಿ ಸೇರಿವೆ. ತಲೆಸುತ್ತು ಮತ್ತು ಅರೆತಲೆನೋವಿಗೆ ಬಳಸುವ ಸಿನ್ನರಿಜೀನ್, ಫ್ಲೂನರಿಜೀನ್‌ಗಳಿಂದ ವೃದ್ಧರಲ್ಲಿ ನಡುಕ ಮತ್ತು ಬಿಗಿತ ಬರಬಹುದು. ಮೆಟೊಕ್ಲೋಪ್ರಮೈಡನ್ನು 12 ವಾರಗಳಿಗಿಂತ ಹೆಚ್ಚು ಕಾಲ ಬಳಸುವುದರ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2009ರಲ್ಲಿ ಕಟ್ಟೆಚ್ಚರಿಕೆಯನ್ನು ವಿಧಿಸಿತು. ಐದು ದಿನಗಳಿಗೆ ಬರೆದುಕೊಟ್ಟ ಹೊಟ್ಟೆಯ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಕೊಂಡು ನುಂಗುವ ಅಭ್ಯಾಸವು ವೃದ್ಧರ ಮಟ್ಟಿಗೆ ಅಪಾಯಕಾರಿ.

ಟಿಟ್ವಾಳಾದಂತಹ ಊರುಗಳ ಕುಟುಂಬಗಳು

ಮಹಾಗಣಪತಿಯ ದೇವಾಲಯದಿಂದ ಪ್ರಸಿದ್ಧವಾದ ಟಿಟ್ವಾಳಾ, ಮಧ್ಯ ರೈಲ್ವೆಯ ಕಸಾರಾ ಮಾರ್ಗದಲ್ಲಿ ಕಲ್ಯಾಣದಿಂದಾಚೆಗೆ ಶಹಾಡ್, ಅಂಬಿವಲಿಗಳನ್ನು ದಾಟಿದ ಬಳಿಕ ಸಿಗುವ ನಿಲ್ದಾಣ. ಸರ್ಕಾರದ ಪ್ರಾದೇಶಿಕ ಮನೋರುಗ್ಣಾಲಯವಿರುವುದು ಠಾಣೆಯಲ್ಲಿ. 1901ರಲ್ಲಿ ಆರಂಭವಾದ ಈ ಆಸ್ಪತ್ರೆಗೆ ಟಿಟ್ವಾಳಾದಿಂದ ಸುಮಾರು 30 ಕಿಲೋಮೀಟರುಗಳ ಪ್ರಯಾಣ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಚಡಪಡಿಸುವ ರೋಗಿಯನ್ನು ಕರೆದೊಯ್ಯುವುದು ಸುಲಭವಲ್ಲ. ದಿನಗೂಲಿಯವರಿಗೆ ಒಂದು ದಿನದ ಸಂಪಾದನೆಯೂ ನಷ್ಟ. ಮಾತ್ರೆ ಮುಗಿದ ದಿನವೇ ಹೋಗಲಾಗದೆ ಎರಡು ವಾರ ತಡವಾಗುತ್ತದೆ. ರೋಗ ಮರುಕಳಿಸಿದಾಗ ಮತ್ತೆ ಹೆಚ್ಚಿನ ಪ್ರಮಾಣದಲ್ಲಿ ಆರಂಭಿಸಬೇಕಾಗುತ್ತದೆ. ಸಂಕಷ್ಟಿ ಚತುರ್ಥಿಯ ಉಪವಾಸದಂದು ಮಾತ್ರೆಯನ್ನೂ ಬಿಡುವವರಿದ್ದಾರೆ. ಮೇಲೆ ಹೇಳಿದ ಬಿಟ್ಟು ಹಿಡಿಯುವ ಅಪಾಯವು ಹೀಗೆ ಯಾರ ತಪ್ಪೂ ಇಲ್ಲದೆ ಮನೆಯೊಳಗೆ ಬರುತ್ತದೆ. ಮಾತ್ರೆಗಳು ಮುಗಿಯುವ ಒಂದು ವಾರ ಮೊದಲೇ ಹೋಗಿಬರುವುದು, ಉಪವಾಸದ ದಿನ ನೀರಿನೊಡನೆ ಮಾತ್ರೆ ಸೇವಿಸಲು ಅಡ್ಡಿಯಿದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಇದಕ್ಕೆ ಸರಳ ಪರಿಹಾರ.

ಎರಡನೆಯ ತೊಡಕು ಭಾಷೆಯದು. ಊರಿನಿಂದ ಮಗನ ಮನೆಗೆ ಬಂದಿರುವ ತಾಯಿಗೆ ಮರಾಠಿಯಾಗಲಿ ಹಿಂದಿಯಾಗಲಿ ಬಾರದಿರಬಹುದು. "ಕಾಲು ಒಂದು ಕಡೆ ನಿಲ್ಲೋದಿಲ್ಲಪ್ಪ, ಮೈಯೊಳಗೆಲ್ಲ ಏನೋ ಹರಿದಾಡಿದ ಹಾಗಾಗುತ್ತೆ" ಎಂದು ಆಕೆ ಹೇಳಿದ್ದನ್ನು ಮಗನು "ಗಾಬರಿಯಾಗಿದ್ದಾಳೆ, ನಿದ್ದೆ ಮಾಡುವುದಿಲ್ಲ" ಎಂದು ಸಂಗ್ರಹಿಸಿ ವೈದ್ಯರಿಗೆ ತಿಳಿಸಿದರೆ, ರೋಗವೇ ಹೆಚ್ಚಿತೆಂದು ತೋರಿ ಔಷಧದ ಪ್ರಮಾಣ ಏರಬಹುದು. ಔಷಧದಿಂದ ಬಂದ ಚಡಪಡಿಕೆಯು ಅದರಿಂದ ಮತ್ತಷ್ಟು ಹೆಚ್ಚುತ್ತದೆ. ಆದುದರಿಂದ ರೋಗಿ ಆಡಿದ ಮಾತನ್ನು ಸಂಕ್ಷೇಪಿಸದೆ, ಯಾವ ಅಂಗ, ಯಾವ ಹೊತ್ತು, ಯಾವ ಮಾತ್ರೆ ಆರಂಭಿಸಿದ ಎಷ್ಟು ದಿನಗಳ ಬಳಿಕ ಎಂಬುದನ್ನು ಸ್ಪಷ್ಟವಾಗಿ ಹೇಳತಕ್ಕದ್ದು. ಊರಿನ ವೈದ್ಯರ ಚೀಟಿಗಳನ್ನೂ ಇಲ್ಲಿನ ಚೀಟಿಗಳನ್ನೂ ಒಂದೇ ಕಡತದಲ್ಲಿಟ್ಟು, ಹೊಟ್ಟೆಯ ಮಾತ್ರೆ, ತಲೆಸುತ್ತಿನ ಮಾತ್ರೆಗಳ ಸಹಿತ ಎಲ್ಲವನ್ನೂ ತೋರಿಸುವುದು ಆವಶ್ಯಕ.

ಮನೆಯಲ್ಲಿಯೇ ಮಾಡಬಹುದಾದ ಅವಲೋಕನ

ಈ ದೋಷವನ್ನು ಅಳೆಯಲು ಅಮೆರಿಕದಲ್ಲಿ 1976ರಲ್ಲಿ ರೂಪಿಸಿದ ಮಾಪನಪಟ್ಟಿಯೊಂದನ್ನು ವೈದ್ಯರು ಬಳಸುತ್ತಾರೆ. ಹತ್ತು ನಿಮಿಷಗಳೊಳಗೆ ಮುಗಿಯುವ ಈ ಪರೀಕ್ಷೆಗೆ ಯಂತ್ರವಾಗಲಿ ರಕ್ತಪರೀಕ್ಷೆಯಾಗಲಿ ಬೇಡ. ಅಪಾಯ ಹೆಚ್ಚಿರುವವರಿಗೆ ಆರು ತಿಂಗಳಿಗೊಮ್ಮೆ, ಉಳಿದವರಿಗೆ ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಬೇಕೆಂದು ಅಮೆರಿಕದ ಮನೋವೈದ್ಯರ ಸಂಘವು 2020ರಲ್ಲಿ ಸೂಚಿಸಿದೆ. ವೈದ್ಯರ ಬಳಿ ಹೋಗುವ ಮೊದಲು ಮನೆಯವರೂ ಕೆಳಗಿನಂತೆ ಗಮನಿಸಬಹುದು.

1. ಬಾಯಿಯಲ್ಲಿ ಎಲೆ-ಅಡಿಕೆ, ತಂಬಾಕು ಇದ್ದರೆ ತೆಗೆಸಿ. ಕಟ್ಟಿಸಿದ ಹಲ್ಲುಗಳು ಸಡಿಲವಾಗಿವೆಯೇ ನೋಡಿ. ಅದರಿಂದಲೂ ಬಾಯಿ ಆಡಬಹುದು.
2. ತೋಳುಗಳಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೈಗಳನ್ನು ಮೊಣಕಾಲಿನ ಮೇಲಿರಿಸಿ ಕೂಡಿಸಿ. ಮುಖ, ಕೈ, ಪಾದಗಳನ್ನು ಗಮನಿಸಿ.
3. ಬಾಯಿ ತೆರೆಯಲು ಹೇಳಿ, ಒಳಗೆ ನಾಲಗೆ ಸುಮ್ಮನಿದೆಯೇ ನೋಡಿ. ಬಳಿಕ ನಾಲಗೆ ಹೊರಚಾಚಲು ಹೇಳಿ.
4. ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ವೇಗವಾಗಿ ಮುಟ್ಟಲು ಹೇಳಿ. ಗಮನ ಅತ್ತ ಹೋದಾಗ ಮುಖ ಮತ್ತು ಕಾಲುಗಳು ಅಲುಗುತ್ತವೆಯೇ ನೋಡಿ.
5. ಕೆಲವು ಹೆಜ್ಜೆ ನಡೆದು ಹಿಂದಿರುಗಲು ಹೇಳಿ. ಕೈಗಳ ಬೀಸು ಮತ್ತು ತಿರುಗುವ ರೀತಿಯನ್ನು ಗಮನಿಸಿ.

ಸಂಶಯ ಬಂದರೆ ದಿನಾಂಕದೊಡನೆ ಬರೆದಿಟ್ಟು ವೈದ್ಯರಿಗೆ ತೋರಿಸಿ. ರೋಗನಿರ್ಣಯ ವೈದ್ಯರ ಕಾರ್ಯ.

ದೋಷ ಕಂಡುಬಂದಾಗ

ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಕೂಡದು. ಒಮ್ಮೆಗೇ ನಿಲ್ಲಿಸಿದಾಗ ಅಡಗಿದ್ದ ಚಲನೆಗಳು ಪ್ರಕಟಗೊಂಡು ಹೆಚ್ಚಿದಂತೆ ಕಾಣುತ್ತವೆ. ಮೂಲರೋಗವೂ ಮರುಕಳಿಸುವ ಸಂಭವವಿದೆ. ವೈದ್ಯರು ಸಂದರ್ಭವನ್ನು ಅನುಸರಿಸಿ ಪ್ರಮಾಣವನ್ನು ನಿಧಾನವಾಗಿ ತಗ್ಗಿಸಬಹುದು, ಕ್ವೆಟಿಯಪೀನ್ ಅಥವಾ ಕ್ಲೋಜಪೀನ್‌ನಂತಹ ಔಷಧಕ್ಕೆ ಬದಲಿಸಬಹುದು, ಅನಗತ್ಯವಾದ ಟ್ರೈಹೆಕ್ಸಿಫೆನಿಡಿಲನ್ನು ಕ್ರಮೇಣ ಕಡಿಮೆ ಮಾಡಬಹುದು. ಟೆಟ್ರಾಬೆನಜೀನ್ ಎಂಬ ಔಷಧವು ನಮ್ಮ ದೇಶದಲ್ಲಿ ದೊರೆಯುತ್ತದೆ. ಅದೇ ವರ್ಗದ ವಾಲ್ಬೆನಜೀನ್ ಮತ್ತು ಡ್ಯೂಟೆಟ್ರಾಬೆನಜೀನ್‌ಗಳಿಗೆ ಈ ದೋಷದ ಚಿಕಿತ್ಸೆಗಾಗಿ ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು. ನರಕೋಶಗಳಲ್ಲಿ ಡೋಪಮೈನ್ ಶೇಖರಣೆಯನ್ನು ತಗ್ಗಿಸುವ ಇವುಗಳ ಕಾರ್ಯವಿಧಾನವು ಸರ್ಪಗಂಧದ ರಿಸರ್ಪೀನಿನ ಕಾರ್ಯವಿಧಾನಕ್ಕೆ ಸಮೀಪವಾದುದೆಂಬುದು ಗಮನಾರ್ಹ. ಟೆಟ್ರಾಬೆನಜೀನ್‌ನಿಂದ ಖಿನ್ನತೆ ಉಂಟಾಗಬಹುದಾದ ಕಾರಣ ಅದನ್ನು ತಜ್ಞರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕು. ದೋಷವನ್ನು ಬೇಗನೆ ಗುರುತಿಸಿದಷ್ಟೂ ಅದು ತಗ್ಗುವ ಆಶೆ ಹೆಚ್ಚು.

ರೋಗಿಯ ಹಕ್ಕು ಮತ್ತು ದೊರೆಯುವ ನೆರವು

ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮ, 2017, 2018ರಿಂದ ಜಾರಿಯಲ್ಲಿದೆ. ಉದ್ದೇಶಿತ ಚಿಕಿತ್ಸೆ ಮತ್ತು ಅದರ ತಿಳಿದಿರುವ ಅಡ್ಡಪರಿಣಾಮಗಳ ಬಗ್ಗೆ ಮಾಹಿತಿ ಪಡೆಯುವ ಹಕ್ಕನ್ನು ಇದು ರೋಗಿಗೂ ಆತನು ನಾಮನಿರ್ದೇಶನ ಮಾಡಿದ ಪ್ರತಿನಿಧಿಗೂ ನೀಡಿದೆ. ಆ ಮಾಹಿತಿಯು ಪಡೆಯುವವರಿಗೆ ಅರ್ಥವಾಗುವ ಭಾಷೆ ಮತ್ತು ರೂಪದಲ್ಲಿರಬೇಕೆಂದೂ ಅಧಿನಿಯಮ ಹೇಳುತ್ತದೆ. ಆದುದರಿಂದ "ಈ ಮಾತ್ರೆಯಿಂದ ಕೈಕಾಲು ಅಥವಾ ಬಾಯಿಯ ಚಲನೆಗೆ ತೊಂದರೆಯಾಗಬಹುದೇ? ನಮ್ಮವರಿಗೆ ಅಪಾಯ ಎಷ್ಟು? ಮುಂದಿನ ಪರೀಕ್ಷೆ ಎಂದು?" ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಇಂತಹ ಪ್ರಶ್ನೆಗಳಿಂದ ವೈದ್ಯರ ಕೆಲಸಕ್ಕೂ ಅನುಕೂಲವಾಗುತ್ತದೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಮೂಲಕ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು. ಔಷಧಗಳ ಅಡ್ಡಪರಿಣಾಮಗಳನ್ನು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ 1800-180-3024 ಎಂಬ ಶುಲ್ಕರಹಿತ ಸಂಖ್ಯೆಯ ಮೂಲಕ ರೋಗಿಗಳೇ ವರದಿ ಮಾಡಬಹುದು.

ಔಷಧವು ರೋಗಿಯ ಮನಸ್ಸನ್ನು ಮನೆಗೆ ಮರಳಿಸುತ್ತದೆ. ಆತನ ಶರೀರವು ಅದಕ್ಕೆ ತೆರುವ ಬೆಲೆ ಅತಿಯಾಗದಂತೆ ನೋಡಿಕೊಳ್ಳುವುದು ವೈದ್ಯರು ಮತ್ತು ಕುಟುಂಬದವರು ಕೂಡಿ ನಿರ್ವಹಿಸಬೇಕಾದ ಹೊಣೆ. ವರ್ಷದಲ್ಲಿ ಒಂದೆರಡು ಬಾರಿ ಹತ್ತು ನಿಮಿಷಗಳ ಕಾಲ ಗಮನವಿಟ್ಟು ನೋಡುವುದು, ಕಂಡದ್ದನ್ನು ಮುಚ್ಚಿಡದೆ ಹೇಳುವುದು, ಮಾತ್ರೆಗಳನ್ನು ತಪ್ಪಿಸದೆ ಕೊಡುವುದು, ಇಷ್ಟನ್ನು ಪ್ರತಿಯೊಂದು ಮನೆಯೂ ಮಾಡಬಹುದಾಗಿದೆ.